ಶಿರಾಳಕೊಪ್ಪ–ಬಳ್ಳಿಗಾವಿ–ತಾಳಗುಂದ: ಒಂದು ದಿನದ ಸುತ್ತನ್ನು ನಡೆದೇ ಮುಗಿಸುವುದು ಹೇಗೆ?

ಶಿಕಾರಿಪುರ ತಾಲ್ಲೂಕಿನ ಈ ಮೂರು ಊರುಗಳನ್ನು ನಡೆದು ಸುತ್ತಲು ಹೊರಡುವವರು ಎಡವುವುದು ಹೆಚ್ಚಾಗಿ ಒಂದೇ ಕಡೆ. ಬಳ್ಳಿಗಾವಿಗೆ ಹೋಗುವ ದಾರಿ ಎಲ್ಲರಿಗೂ ಗೊತ್ತು. ಅಲ್ಲಿಂದ ತಾಳಗುಂದಕ್ಕೆ ಗದ್ದೆ ಹೊಲಗಳ ನಡುವೆ ಹೇಗೆ ದಾಟುವುದು, ಎಷ್ಟು ಹೊತ್ತಿಗೆ ದಾಟುವುದು, ದಾಟಲಾಗದಿದ್ದರೆ ಏನು ಮಾಡುವುದು ಎಂಬುದನ್ನು ಮಾತ್ರ ಯಾರೂ ಮೊದಲೇ ಗೊತ್ತುಮಾಡಿಕೊಂಡಿರುವುದಿಲ್ಲ. ಬೇಲಿಯೊಂದು ಎದುರಾಗುತ್ತದೆ, ಫೋನಿನ ನಕ್ಷೆ ಗೆರೆ ತೋರಿಸುವುದನ್ನು ನಿಲ್ಲಿಸುತ್ತದೆ, ಬಿಸಿಲು ಏರುತ್ತದೆ. ಕೊನೆಗೆ ಬಂದ ದಾರಿಯಲ್ಲೇ ವಾಪಸ್.

ಆದ್ದರಿಂದ ಈ ಮಾರ್ಗದರ್ಶಿಯ ಹೆಚ್ಚಿನ ಭಾಗ ಆ ನಡುವಿನ ತುಂಡಿಗೇ ಮೀಸಲು. ನಕ್ಷೆ ಹಾಕುವ ಇದೇ ಕ್ರಮ ಸಾಗರದ ಬಳಿಯ ಇಕ್ಕೇರಿಗೂ ಹೊಸನಗರ ತಾಲ್ಲೂಕಿನ ನಗರ ಎಂಬ ಊರಿಗೂ ಹೊಂದುತ್ತದೆ. ಅಲ್ಲಿ ಏನು ಬದಲಾಗುತ್ತದೆ ಎಂಬುದು ಕೊನೆಯಲ್ಲಿದೆ.

ಹಂತ 1: ಸುತ್ತಿನ ಅಳತೆ ಮತ್ತು ದಿಕ್ಕು

ಶಿರಾಳಕೊಪ್ಪದಿಂದ ಬಳ್ಳಿಗಾವಿ ಸುಮಾರು 2 ಕಿ.ಮೀ. ಬಳ್ಳಿಗಾವಿಯಿಂದ ತಾಳಗುಂದ ಸುಮಾರು 5 ಕಿ.ಮೀ. ತಾಳಗುಂದದಿಂದ ಶಿರಾಳಕೊಪ್ಪಕ್ಕೆ ಮತ್ತೆ ಹೆಚ್ಚುಕಡಿಮೆ ಅಷ್ಟೇ. ಬಳ್ಳಿಗಾವಿಯ ಒಳಗಿನ ಓಡಾಟ, ಬಳಸುದಾರಿ ಎಲ್ಲ ಸೇರಿಸಿ 14 ಕಿ.ಮೀ. ಎಂದು ಲೆಕ್ಕ ಇಟ್ಟುಕೊಳ್ಳಿ.

ದಿಕ್ಕು ಮುಖ್ಯ. ಬಳ್ಳಿಗಾವಿ ಮೊದಲು, ತಾಳಗುಂದ ಆಮೇಲೆ. ಇದಕ್ಕೆ ಎರಡು ಕಾರಣ. ಕೇದಾರೇಶ್ವರ ದೇವಸ್ಥಾನದ ಮುಖ ಮೂಡಣಕ್ಕಿದೆ, ಬೆಳಗಿನ ಬಿಸಿಲು ನೇರ ಮುಖಮಂಟಪಕ್ಕೆ ಬೀಳುತ್ತದೆ. ಅದಕ್ಕಿಂತ ದೊಡ್ಡ ಕಾರಣವೆಂದರೆ, ಖಾತ್ರಿಯಿಲ್ಲದ ತುಂಡು ದಿನದ ಮೊದಲರ್ಧದಲ್ಲೇ ಮುಗಿದು, ಖಾತ್ರಿಯಾದ ಟಾರು ರಸ್ತೆ ಕೊನೆಗೆ ಉಳಿಯುತ್ತದೆ. ದಣಿದ ಮೇಲೆ ದಾರಿ ಹುಡುಕುವ ಕೆಲಸ ಇರಬಾರದು. ತಾಳಗುಂದದಲ್ಲಿ ಕಾಲು ಸೋತರೆ ಬಸ್ಸೋ ಆಟೋವೋ ಹಿಡಿದು ಶಿರಾಳಕೊಪ್ಪಕ್ಕೆ ಬರಬಹುದು. ಗದ್ದೆಯ ನಡುವೆ ಸೋತರೆ ಹಾಗಾಗುವುದಿಲ್ಲ.

ಹಂತ 2: ಕಾಲ ಆರಿಸುವುದು

ಒಳ್ಳೆಯ ಕಾಲ ಡಿಸೆಂಬರ್ ಮಧ್ಯದಿಂದ ಫೆಬ್ರವರಿ. ಭತ್ತದ ಕೊಯ್ಲು ಮುಗಿದಿರುತ್ತದೆ, ಗದ್ದೆಯಂಚು ಒಣಗಿ ಗಟ್ಟಿಯಾಗಿರುತ್ತದೆ, ದೂರದವರೆಗೂ ಕಣ್ಣು ಹಾಯುತ್ತದೆ.

ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಮೆಕ್ಕೆಜೋಳ ಆಳೆತ್ತರ ನಿಂತಿರುತ್ತದೆ. ಆಗ ಎದುರಿನ ಊರೂ ಕಾಣದು, ಕೆರೆ ಏರಿಯೂ ಕಾಣದು. ನಕ್ಷೆ ಓದಬಲ್ಲವರೂ ಆಗ ತಪ್ಪುತ್ತಾರೆ. ಜೂನ್–ಜುಲೈಯಲ್ಲಿ ನಾಟಿಗೆ ಮುಂಚೆ ಅಂಚು ಕಡಿದು ಹೊಸ ಕೆಸರು ಮೆತ್ತಿರುತ್ತಾರೆ. ಅದರ ಮೇಲೆ ಕಾಲಿಟ್ಟರೆ ಅಂಚು ಕುಸಿದು ಒಂದು ಗದ್ದೆಯ ನೀರು ಇನ್ನೊಂದಕ್ಕೆ ಇಳಿಯುತ್ತದೆ. ರೈತರ ಒಂದಿಡೀ ದಿನದ ಕೆಲಸ ಹಾಳು. ಆ ತಿಂಗಳುಗಳಲ್ಲಿ ಈ ತುಂಡಿಗೆ ಇಳಿಯಲೇಬೇಡಿ. ಏಪ್ರಿಲ್–ಮೇ ತಿಂಗಳಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಸಿಡಿಲು. ಬಯಲಿನಲ್ಲಿ ಒಂಟಿ ಮರದ ಕೆಳಗೆ ನಿಲ್ಲುವುದು ಅಪಾಯ.

ಹಂತ 3: ನಕ್ಷೆ ಹಾಕುವುದು, ಅದೂ ಮನೆಯಲ್ಲೇ

ಬೇಕಾದ್ದು ಮೂರು ನಕ್ಷೆ. ಒಂದನ್ನೇ ನಂಬಿದರೆ ಸಾಲದು.

ಮೊದಲನೆಯದು ಕಂದಾಯ ಇಲಾಖೆಯ ಗ್ರಾಮ ನಕ್ಷೆ. ಭೂದಾಖಲೆ ಇಲಾಖೆಯ ಜಾಲತಾಣದಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ಆರಿಸಿ ಪಿಡಿಎಫ್ ಇಳಿಸಿಕೊಳ್ಳಬಹುದು. ಬಳ್ಳಿಗಾವಿ, ತಾಳಗುಂದ ಮತ್ತು ನಡುವೆ ಸಿಗುವ ಗ್ರಾಮಗಳದ್ದೆಲ್ಲ ಇಳಿಸಿಕೊಳ್ಳಿ. ಇದರಲ್ಲಿ ಬಂಡಿದಾರಿ, ಕಾಲುದಾರಿ, ಹಳ್ಳ, ಕೆರೆ ಎಲ್ಲ ಗುರುತಾಗಿರುತ್ತವೆ. ಮೂಲೆಯಲ್ಲಿರುವ ಗುರುತುಗಳ ಪಟ್ಟಿಯನ್ನು ಮೊದಲು ಓದಿ. ಜನರ ಮಾತಿನ ‘ನಕಾಶೆ ದಾರಿ’ ಎಂದರೆ ಇಲ್ಲಿ ಗೆರೆಯಾಗಿ ಕಂಡ ದಾರಿ. ಯಾರದೋ ಹೊಲದ ನಡುವೆ ಸವೆದು ಕಾಣುವ ದಾರಿಗೂ ಇದಕ್ಕೂ ವ್ಯತ್ಯಾಸವಿದೆ. ಮೊದಲನೆಯದು ಸಾರ್ವಜನಿಕರದ್ದು, ಎರಡನೆಯದು ಹೊಲದವರ ಒಪ್ಪಿಗೆಯ ಮೇಲೆ ನಿಂತದ್ದು.

ಎರಡನೆಯದು ಸರ್ವೆ ಆಫ್ ಇಂಡಿಯಾದ 1:50,000 ನಕ್ಷೆ. ಇದರಲ್ಲಿ 2 ಸೆಂ.ಮೀ. ಎಂದರೆ ನೆಲದ ಮೇಲೆ 1 ಕಿ.ಮೀ. ಗ್ರಾಮ ನಕ್ಷೆಯಲ್ಲಿ ನೆಲದ ಏರುತಗ್ಗು ತಿಳಿಯುವುದಿಲ್ಲ, ಇಲ್ಲಿ ತಿಳಿಯುತ್ತದೆ. ಒಂದು ಗ್ರಾಮದ ನಕ್ಷೆ ಮುಗಿದು ಇನ್ನೊಂದರದ್ದು ಶುರುವಾಗುವ ಗಡಿಯಲ್ಲಿ ದಾರಿ ಕೂಡುತ್ತದೋ ಇಲ್ಲವೋ ಎಂಬುದನ್ನೂ ಇದರಲ್ಲೇ ನೋಡಬೇಕು. ಗಡಿಯಲ್ಲಿ ಕೂಡದ ದಾರಿ ಬಹುಪಾಲು ಯಾರದೋ ಕಣಕ್ಕೋ ತೋಟಕ್ಕೋ ಹೋಗಿ ನಿಲ್ಲುವ ದಾರಿ.

ಮೂರನೆಯದು ಉಪಗ್ರಹ ಚಿತ್ರ. ಇದು ಕೊನೆಯಲ್ಲಿ. ಮೊದಲೇ ಇದನ್ನು ನೋಡಿದರೆ ಹಸಿರಿನ ನಡುವೆ ಕಾಣುವ ಪ್ರತಿ ಬಿಳಿಗೆರೆಯೂ ದಾರಿಯಂತೆ ತೋರುತ್ತದೆ. ಅವುಗಳಲ್ಲಿ ಕೆಲವು ಕಾಲುವೆ, ಕೆಲವು ಬೇಲಿಸಾಲು, ಕೆಲವು ಟ್ರ್ಯಾಕ್ಟರ್ ಓಡಾಡಿದ ಗುರುತು. ಮೊದಲ ಎರಡು ನಕ್ಷೆಯಲ್ಲಿ ಇದ್ದು ಚಿತ್ರದಲ್ಲೂ ಕಂಡರೆ ಆ ತುಂಡು ಉಳಿದಿದೆ ಎಂದರ್ಥ. ನಕ್ಷೆಯಲ್ಲಿದ್ದು ಚಿತ್ರದಲ್ಲಿ ಇಲ್ಲವಾದರೆ ಉತ್ತುಬಿಟ್ಟಿದ್ದಾರೆ ಅಥವಾ ಅಡಿಕೆ ಸಸಿ ಇಟ್ಟಿದ್ದಾರೆ. ಅಲ್ಲಿಗೆ ಬೇರೆ ದಾರಿ ಹುಡುಕಿ.

ಈಗ ಗೆರೆ ಹಾಕಿ. ತಾಳಗುಂದದಿಂದ ಹಿಂದಕ್ಕೆ ಬಳ್ಳಿಗಾವಿಯ ಕಡೆಗೆ ಹಾಕುವುದು ಒಳ್ಳೆಯದು. ಯಾವ ದಾರಿಯಿಂದ ಊರೊಳಕ್ಕೆ ಸೇರುತ್ತೀರಿ ಎಂಬುದು ಆಗ ಮೊದಲೇ ನಿರ್ಧಾರವಾಗುತ್ತದೆ. ಗೆರೆಯ ಮೇಲೆ ಮೂರೋ ನಾಲ್ಕೋ ಗಟ್ಟಿ ಗುರುತು ಬರೆದುಕೊಳ್ಳಿ: ಕೆರೆ ಏರಿ, ಹಳ್ಳ ದಾಟುವ ಜಾಗ, ಟಾರು ರಸ್ತೆ ಅಡ್ಡ ಬರುವ ಜಾಗ. ಮರ, ಪಂಪ್‌ಸೆಟ್ ಮನೆ, ಹುಲ್ಲಿನ ಬಣವೆ ಗುರುತಾಗುವುದಿಲ್ಲ, ಎಲ್ಲ ಕಡೆಯೂ ಇರುತ್ತವೆ.

ಪ್ರತಿ ಗುರುತಿಗೂ ಒಂದು ‘ಬಿಡುದಾರಿ’ ಬರೆಯಿರಿ. ಇಲ್ಲಿ ಮುಂದೆ ಹೋಗಲಾಗದಿದ್ದರೆ ಹತ್ತಿರದ ಟಾರು ರಸ್ತೆ ಯಾವ ದಿಕ್ಕಿಗೆ, ಎಷ್ಟು ದೂರ ಎಂದು. ಈ ಸಾಲು ಬರೆದುಕೊಳ್ಳದವರೇ ಬೇಲಿಯ ಮುಂದೆ ಅರ್ಧ ಗಂಟೆ ನಿಂತು ವಾದ ಮಾಡುವುದು.

ಹಂತ 4: ಜೊತೆಗಿರಬೇಕಾದ್ದು

- ಹಿಡಿತವಿರುವ, ಬೆರಳು ಮುಚ್ಚುವ ಶೂ. ಕೊಯ್ದ ಭತ್ತದ ಕೂಳೆ, ಮೆಕ್ಕೆಜೋಳದ ಬುಡ ಚಪ್ಪಲಿ ಕಾಲನ್ನು ಚುಚ್ಚುತ್ತವೆ.
- ತಿಳಿಬಣ್ಣದ ಉದ್ದ ಪ್ಯಾಂಟ್. ಉಣುಗು (ರಕ್ತ ಹೀರುವ ಉಣ್ಣೆ) ಹತ್ತಿದರೆ ಕಾಣಬೇಕು.
- ಒಬ್ಬೊಬ್ಬರಿಗೆ 2ರಿಂದ 3 ಲೀಟರ್ ನೀರು. ಫೆಬ್ರವರಿಯಿಂದಾಚೆ 3 ಲೀಟರ್‌ಗಿಂತ ಕಡಿಮೆ ಬೇಡ. ಎರಡು ಪೊಟ್ಟಣ ಓಆರ್‌ಎಸ್.
- ಬಳ್ಳಿಗಾವಿ ದಾಟಿದ ಮೇಲಿನ ಊಟ ತಿಂಡಿ. ಅದನ್ನು ಶಿರಾಳಕೊಪ್ಪದಲ್ಲೇ ಕಟ್ಟಿಸಿಕೊಳ್ಳಿ.
- ಮುದ್ರಿಸಿದ ನಕ್ಷೆ, ಪ್ಲಾಸ್ಟಿಕ್ ಹಾಳೆಯೊಳಗೆ. ಪವರ್‌ಬ್ಯಾಂಕ್. ಸಣ್ಣ ಟಾರ್ಚ್.
- ಸೊಂಟದೆತ್ತರದ ಕೋಲು.

ಅಗೆಯುವ, ಕೆರೆಯುವ ಯಾವ ಸಾಮಾನೂ ಬ್ಯಾಗಿನಲ್ಲಿ ಬೇಡ. ಹಳೆಯ ಕಲ್ಲುಗಳಿರುವ ಊರುಗಳಲ್ಲಿ ನಿಧಿಗಳ್ಳರ ಕಾಟ ಅನುಭವಿಸಿದ ಜನ ಇದ್ದಾರೆ. ಅಪರಿಚಿತರು ವೀರಗಲ್ಲಿನ ಬುಡದಲ್ಲಿ ಸಲಾಕೆ ಹಿಡಿದು ಕೂತರೆ ಅನುಮಾನ ಪಡುವುದು ಸಹಜ, ಅವರು ಪಡಬೇಕಾದ್ದೂ ಹೌದು.

ಹಂತ 5: ಬಳ್ಳಿಗಾವಿಯಲ್ಲಿ ಹೊತ್ತು ಹಂಚುವುದು

ಬೆಳಿಗ್ಗೆ 7ಕ್ಕೆ ಶಿರಾಳಕೊಪ್ಪ ಬಿಟ್ಟರೆ 7.40ರೊಳಗೆ ಬಳ್ಳಿಗಾವಿ. ಇಲ್ಲಿ 10 ಗಂಟೆಯವರೆಗೆ ಇರಬಹುದು, ಅದಕ್ಕಿಂತ ಹೆಚ್ಚು ಬೇಡ. ಸುತ್ತು ಪೂರೈಸದವರಲ್ಲಿ ಅರ್ಧ ಜನ ಸಮಯ ಕಳೆದುಕೊಳ್ಳುವುದು ಇಲ್ಲೇ.

ಮೊದಲು ಕೇದಾರೇಶ್ವರ. ಮೂರು ಗರ್ಭಗುಡಿಗಳ ತ್ರಿಕೂಟ ಇದು. ಒಳಗೆ ಹೋಗುವ ಮುಂಚೆ ಹೊರಗಿನಿಂದ ಒಂದು ಪೂರ್ತಿ ಸುತ್ತು ಹಾಕಿ. ಎಳೆಬಿಸಿಲು ಇರುವಾಗ ಶಿಖರದ ಕೆತ್ತನೆ ಎದ್ದು ಕಾಣುತ್ತದೆ, 9ರ ಮೇಲೆ ಚಪ್ಪಟೆಯಾಗುತ್ತದೆ. ಹುಲಿಯನ್ನು ಇರಿಯುವ ಸಳನ ಹೊಯ್ಸಳ ಲಾಂಛನವನ್ನು ಶಿಖರಗಳ ಮುಂಚಾಚಿನ ಮೇಲೆ ಹುಡುಕಿ. ಒಳಗೆ ಕಣ್ಣು ಕತ್ತಲಿಗೆ ಹೊಂದಲು ಎರಡು ಮೂರು ನಿಮಿಷ ಬಿಡಿ.

ಆಮೇಲೆ ತ್ರಿಪುರಾಂತಕೇಶ್ವರ. ಇಲ್ಲಿ ಜನ ಮೇಲೆ ನೋಡಿ ಹೊರಟುಬಿಡುತ್ತಾರೆ. ನೋಡಬೇಕಾದ್ದು ಎರಡು ಕಡೆ ಇದೆ: ಒಳಬಾಗಿಲ ಇಕ್ಕೆಲದ ಜಾಲಂಧ್ರಗಳು (ತೂತು ಕೊರೆದ ಕಲ್ಲಿನ ಜಾಲರಿ), ಮತ್ತೆ ಹೊರಗೆ ಬುಡದ ಸಾಲಿನಲ್ಲಿ ಓಡುವ ಸಣ್ಣ ಕಥಾಶಿಲ್ಪಗಳು. ಎರಡನೆಯದಕ್ಕೆ ಕೂತೇ ನೋಡಬೇಕು. ಟಾರ್ಚನ್ನು ಕಲ್ಲಿಗೆ ನೇರ ಹಿಡಿಯದೆ ಪಕ್ಕದಿಂದ ಓರೆಯಾಗಿ ಹಿಡಿದರೆ ಸವೆದ ಆಕಾರವೂ ನೆರಳಿನಿಂದ ತಿಳಿಯುತ್ತದೆ.

ಕೊನೆಗೆ 1047ರಲ್ಲಿ ನಿಲ್ಲಿಸಿದ ಗಂಡಭೇರುಂಡ ಕಂಬ. ಹತ್ತು ನಿಮಿಷ ಸಾಕು.

ಶಾಸನದ ಮೇಲೆ ಸೀಮೆಸುಣ್ಣ, ಹಿಟ್ಟು, ವಿಭೂತಿ, ನೀರು ಏನನ್ನೂ ಹಚ್ಚಬೇಡಿ. ಅಕ್ಷರ ಕಾಣದಿದ್ದರೆ ಟಾರ್ಚಿನ ಓರೆಬೆಳಕೇ ಮದ್ದು. ಇವು ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕಗಳು. ಡ್ರೋನ್ ಹಾರಿಸುವುದಕ್ಕೂ ಟ್ರೈಪಾಡ್ ಬಳಸುವುದಕ್ಕೂ ಮೊದಲೇ ಅನುಮತಿ ಬೇಕು.

ಹಂತ 6: ಊರು ಬಿಡುವ ಮುಂಚೆ ಕೇಳಿ ತಿಳಿಯುವುದು

ನಕ್ಷೆ ಎಷ್ಟು ಚೆನ್ನಾಗಿದ್ದರೂ ಈ ವರ್ಷ ಹಾಕಿದ ಬೇಲಿ ಅದರಲ್ಲಿರುವುದಿಲ್ಲ. ಬಳ್ಳಿಗಾವಿಯ ಅಂಚಿನಲ್ಲಿ, ಹೊಲಕ್ಕೆ ಹೊರಟವರನ್ನೇ ಕೇಳಿ. ಅಂಗಡಿಯಲ್ಲಿ ಕೂತವರು ಟಾರು ರಸ್ತೆಯನ್ನೇ ಹೇಳುತ್ತಾರೆ.

ಕೇಳುವ ಬಗೆಯಲ್ಲೇ ಅರ್ಧ ಉತ್ತರವಿದೆ. “ಹೀಗೆ ಹೋಗ್ಬಹುದಾ?” ಎಂದರೆ “ಹೋಗ್ಬಹುದು” ಎಂದೇ ಉತ್ತರ ಬರುತ್ತದೆ. ಇಲ್ಲ ಎನ್ನುವುದು ಯಾರಿಗೂ ಹಿಡಿಸದು. ಬದಲಿಗೆ ಹೀಗೆ ಕೇಳಿ: “ಯಜಮಾನ್ರೇ, ತಾಳಗುಂದದ ಕಡೆಗೆ ದನ ಹೊಡ್ಕೊಂಡು ಹೋಗೋ ದಾರಿ ಯಾವುದು? ಈ ಸಲ ಯಾರಾದ್ರೂ ಬೇಲಿ ಹಾಕಿದಾರಾ? ಹಳ್ಳ ಎಲ್ಲಿ ದಾಟ್ತೀರಿ?” ದನ ಹೋಗುವ ದಾರಿಯಲ್ಲಿ ಮನುಷ್ಯ ಖಂಡಿತ ಹೋಗಬಹುದು. “ಹತ್ರಾನೇ” ಎಂಬ ಮಾತಿಗೆ ಅಳತೆಯಿಲ್ಲ. “ನಡೆದ್ರೆ ಎಷ್ಟು ಹೊತ್ತು?” ಎಂದು ಕೇಳಿ, ಹೇಳಿದ ಹೊತ್ತಿಗೆ ಅರ್ಧದಷ್ಟು ಸೇರಿಸಿ. ಅವರ ನಡಿಗೆ ನಿಮಗಿಂತ ಚುರುಕು.

ಇಬ್ಬರನ್ನು ಕೇಳಿ, ಬೇರೆ ಬೇರೆ ಜಾಗದಲ್ಲಿ. ಇಬ್ಬರೂ ಒಂದೇ ಹಳ್ಳ, ಒಂದೇ ಕೆರೆ ಹೇಳಿದರೆ ಹೊರಡಿ.

ಹಂತ 7: ನಡುವಿನ ತುಂಡನ್ನು ದಾಟುವುದು

ತಾಳಗುಂದ ಇರುವುದು ಬಳ್ಳಿಗಾವಿಗೆ ಉತ್ತರಕ್ಕೆ. ಅಂದರೆ ಬೆಳಗಿನ ಬಿಸಿಲು ನಿಮ್ಮ ಬಲಕ್ಕೆ, ಸ್ವಲ್ಪ ಬೆನ್ನ ಕಡೆಯಿಂದ ಬೀಳುತ್ತಿರಬೇಕು. ಬಿಸಿಲು ಮುಖಕ್ಕೆ ನೇರ ಹೊಡೆಯುತ್ತಾ ಹತ್ತು ನಿಮಿಷ ಕಳೆದರೆ ನೀವು ಮೂಡಣಕ್ಕೆ ಸರಿದಿದ್ದೀರಿ, ನಿಂತು ನಕ್ಷೆ ತೆಗೆಯಿರಿ. 11 ಗಂಟೆಯ ಮೇಲೆ ಈ ಲೆಕ್ಕ ನಂಬಬೇಡಿ.

ವೇಗದ ಲೆಕ್ಕವೂ ಬೇಕು. ಟಾರು ರಸ್ತೆಯಲ್ಲಿ ಗಂಟೆಗೆ 4 ಕಿ.ಮೀ. ನಡೆಯುವವರು ಬಂಡಿದಾರಿಯಲ್ಲಿ 3, ಗದ್ದೆಯಂಚಿನ ಮೇಲೆ ಎರಡೂವರೆ ಕಿ.ಮೀ. ನಡೆಯುತ್ತಾರೆ. ಹೀಗಾಗಿ ಈ 5 ಕಿ.ಮೀ.ಗೆ ಎರಡು ಗಂಟೆ ಇಡಿ. 11.30ರ ಹೊತ್ತಿಗೆ ಅರ್ಧ ದಾರಿಯ ಗುರುತು ಮುಟ್ಟಿರದಿದ್ದರೆ ಬರೆದಿಟ್ಟ ಬಿಡುದಾರಿ ಹಿಡಿದು ಟಾರು ರಸ್ತೆಗೆ ಬನ್ನಿ. ತಾಳಗುಂದವನ್ನು ರಸ್ತೆಯಿಂದಲೇ ಸೇರಬಹುದು.

ನಿಂತ ಜಾಗ ಯಾರದ್ದು ಎಂಬ ಅನುಮಾನ ಬಂದಾಗ ಸರ್ಕಾರದ ‘ದಿಶಾಂಕ್’ ಆ್ಯಪ್ ನೆರವಿಗೆ ಬರುತ್ತದೆ. ಗ್ರಾಮದ ಹೆಸರು, ಸರ್ವೆ ನಂಬರು ತೋರಿಸುತ್ತದೆ. ಅದನ್ನು ಕೈಲಿರುವ ಗ್ರಾಮ ನಕ್ಷೆಯ ನಂಬರಿಗೆ ಹೊಂದಿಸಿದರೆ ನೀವು ಎಲ್ಲಿದ್ದೀರಿ, ನಕಾಶೆ ದಾರಿ ಎಷ್ಟು ಪಕ್ಕದಲ್ಲಿದೆ ಎಂದು ತಿಳಿಯುತ್ತದೆ. ಆ್ಯಪ್‌ಗೆ ಇಂಟರ್‌ನೆಟ್ ಬೇಕು. ಜಿಪಿಎಸ್ ಹತ್ತಾರು ಅಡಿ ಆಚೀಚೆ ತೋರಿಸುವುದರಿಂದ, ಅದನ್ನು ಹಿಡಿದುಕೊಂಡು ಗಡಿಯ ಬಗ್ಗೆ ಯಾರ ಜೊತೆಗೂ ವಾದ ಹೂಡಬಾರದು.

ಉಣಗೋಲು (ಅಡ್ಡಗಳಗಳ ಬೇಲಿಬಾಗಿಲು) ಸಿಕ್ಕರೆ ಗಳ ಸರಿಸಿ ದಾಟಿ, ಹಾಗೆಯೇ ಮತ್ತೆ ಇಡಿ. ಒಂದು ಗಳ ಬಿಟ್ಟರೂ ದನ ನುಗ್ಗುತ್ತವೆ. ತಡಬೆ (ಬೇಲಿ ದಾಟಲು ಇಟ್ಟ ಮೆಟ್ಟಿಲು) ಇದ್ದರೆ ಹತ್ತಿ ದಾಟುವುದು ಸರಿ. ಮುಳ್ಳುಬೇಲಿ ಬಗ್ಗಿಸಿ ನುಸುಳುವುದು ಸರಿಯಲ್ಲ.

ತಂತಿಬೇಲಿಯನ್ನು ಮುಟ್ಟುವ ಮುಂಚೆ ನೋಡಿ. ಬಿಳಿಯ ಅಥವಾ ಹಳದಿಯ ಸಣ್ಣ ಇನ್ಸುಲೇಟರ್‌ಗಳ ಮೇಲೆ ತೆಳು ತಂತಿ ಹೋಗಿದ್ದರೆ ಅದು ಐಬೆಕ್ಸ್ ಬೇಲಿ (ಪ್ರಾಣಿಗಳನ್ನು ಬೆದರಿಸುವ ಕರೆಂಟು ಬೇಲಿ), ಹೊಡೆದು ದೂರ ತಳ್ಳುತ್ತದೆ. ನಿಜವಾದ ಅಪಾಯ ಬೇರೆ: ಹಂದಿಗೆಂದು ಕಂಬದಿಂದ ನೇರ ಕರೆಂಟು ಎಳೆದ ತಂತಿ. ಅದು ಕಾನೂನುಬಾಹಿರ, ಜೀವ ತೆಗೆಯುತ್ತದೆ. ಮೊಣಕಾಲೆತ್ತರದಲ್ಲಿ ಕಟ್ಟಿಗೆಯ ಗೂಟಗಳ ಮೇಲೆ ಒಂಟಿ ತಂತಿ ಕಂಡರೆ ಅಲ್ಲೇ ನಿಲ್ಲಿ, ಬಂದ ಹೆಜ್ಜೆಯಲ್ಲೇ ಹಿಂದಕ್ಕೆ ಹೋಗಿ.

ಕೆರೆ ಏರಿ ಸಿಕ್ಕರೆ ಅದರ ಮೇಲೆ ನಿಂತು ನಕ್ಷೆ ನೋಡಿ. ಸುತ್ತಲಿಗಿಂತ ಎತ್ತರದ ಜಾಗ ಅದೇ. ಕೋಡಿ (ಕೆರೆ ತುಂಬಿದಾಗ ನೀರು ಹೊರಬೀಳುವ ಜಾಗ) ಹರಿಯುತ್ತಿದ್ದರೆ ದಾಟಬೇಡಿ. ನೀರು ಹಿಮ್ಮಡಿಯಷ್ಟೇ ಇದ್ದರೂ ಕೆಳಗಿನ ಪಾಚಿ ಕಾಲು ಜಾರಿಸುತ್ತದೆ. ಹಳ್ಳಕ್ಕೆ ಹಾಕಿದ ಸಂಕದ (ಮರದ ಕಾಲುಸೇತುವೆಯ) ಮೇಲೆ ಒಬ್ಬೊಬ್ಬರೇ ಹೋಗಿ, ಮೊದಲು ಕೋಲಿನಿಂದ ಒತ್ತಿ ನೋಡಿ.

ಅಡಿಕೆ ತೋಟದ ಬದಿಯಲ್ಲಿ ಕೊನೆಕೊಯ್ಲು (ಮರದಿಂದ ಅಡಿಕೆ ಗೊನೆ ಇಳಿಸುವುದು) ನಡೆಯುತ್ತಿದ್ದರೆ ಕೂಗಿ ತಿಳಿಸಿ, ಅವರು ಹೋಗಿ ಎಂದ ಮೇಲೆ ದಾಟಿ. ನಾಯಿ ಬೊಗಳಿಕೊಂಡು ಬಂದರೆ ಓಡಬಾರದು. ನಿಂತು, ಮನೆಯವರನ್ನು ಕರೆಯಿರಿ.

ದಾರಿ ತಪ್ಪುತ್ತಿರುವುದರ ಲಕ್ಷಣ ಇವು: ದಾರಿ ಹೋಗ್ತಾ ಹೋಗ್ತಾ ಕಿರಿದಾಗಿ ಪಂಪ್‌ಸೆಟ್ಟಿನ ಬಳಿ ನಿಲ್ಲುವುದು, ಸಗಣಿ ಮತ್ತು ಚಕ್ರದ ಗುರುತು ಇಲ್ಲವಾಗುವುದು, ಇಪ್ಪತ್ತು ನಿಮಿಷ ನಡೆದರೂ ಮುಂದಿನ ಗಟ್ಟಿ ಗುರುತು ಬಾರದಿರುವುದು. ಇವುಗಳಲ್ಲಿ ಎರಡು ಕೂಡಿದರೆ ಹಿಂದಿನ ಗುರುತಿಗೆ ಮರಳಿ. ಅಡ್ಡ ಹಾಯಲು ಹೋದವರು ಒಂದು ಗಂಟೆ ಕಳೆದುಕೊಳ್ಳುತ್ತಾರೆ.

ದಾರಿಯಲ್ಲಿ ವೀರಗಲ್ಲು, ಮಾಸ್ತಿಗಲ್ಲು, ಅಕ್ಷರವಿರುವ ಕಲ್ಲು ಸಿಗಬಹುದು. ನೆಟ್ಟಗೆ ನಿಲ್ಲಿಸಲು, ತಿರುಗಿಸಲು, ತೊಳೆಯಲು ಹೋಗಬೇಡಿ. ಚಿತ್ರ ತೆಗೆದು, ಸರ್ವೆ ನಂಬರು ಬರೆದುಕೊಂಡು, ಶಿವಮೊಗ್ಗದ ಶಿವಪ್ಪನಾಯಕ ಅರಮನೆಯಲ್ಲಿರುವ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ತಿಳಿಸಿ. ಜಾಗದ ವಿವರವನ್ನು ಸಾಮಾಜಿಕ ಜಾಲತಾಣದಲ್ಲಿ ಹಾಕಿದರೆ ಅಗೆಯುವವರಿಗೆ ದಾರಿ ತೋರಿಸಿದಂತೆ.

ಹಂತ 8: ತಾಳಗುಂದ ಮತ್ತು ವಾಪಸಾತಿ

ಪ್ರಣವೇಶ್ವರ ದೇವಸ್ಥಾನದ ಮುಂದಿನ ಕಂಬವೇ ಇಲ್ಲಿ ಮುಖ್ಯ. ಕದಂಬರ ಶಾಂತಿವರ್ಮನ ಕಾಲದಲ್ಲಿ ಕವಿ ಕುಬ್ಜ ಬರೆದ ಸಂಸ್ಕೃತ ಶಾಸನ ಅದರ ಮೇಲಿದೆ. ಮಯೂರಶರ್ಮನ ಕಥೆ ನಮಗೆ ಗೊತ್ತಾದದ್ದು ಇದರಿಂದಲೇ. ನಡುಮಧ್ಯಾಹ್ನ ಅಕ್ಷರ ಮಸುಕು. ಒಂದು ಗಂಟೆ ನೆರಳಲ್ಲಿ ಊಟ ಮುಗಿಸಿ 2ರ ಮೇಲೆ ಮತ್ತೆ ನೋಡಿದರೆ ಪಡುವಣ ಕಡೆಯ ಮುಖದ ಸಾಲುಗಳು ಬಿಡಿಸಿಕೊಳ್ಳುತ್ತವೆ.

2.30ಕ್ಕೆ ಹೊರಟರೆ ನಿಧಾನಕ್ಕೆ ನಡೆದರೂ 4ರೊಳಗೆ ಶಿರಾಳಕೊಪ್ಪ. ನವೆಂಬರ್ ಕೊನೆಯಲ್ಲಿ ಇಲ್ಲಿ ಸೂರ್ಯ ಮುಳುಗುವುದು 6ರ ಆಸುಪಾಸು, ಹಾಗಾಗಿ ಎರಡು ಗಂಟೆ ಕೈಯಲ್ಲಿ ಉಳಿಯುತ್ತದೆ. ರಸ್ತೆಯ ಬಲಬದಿಯಲ್ಲಿ, ಎದುರು ಬರುವ ವಾಹನ ಕಾಣುವಂತೆ, ಒಬ್ಬರ ಹಿಂದೆ ಒಬ್ಬರು ನಡೆಯಿರಿ.

ಹಂತ 9: ಮನೆಗೆ ಬಂದ ಮೇಲೆ

ಡಿಸೆಂಬರ್‌ನಿಂದ ಮೇವರೆಗೆ ಶಿವಮೊಗ್ಗ ಜಿಲ್ಲೆಯ ಕಾಡಂಚಿನಲ್ಲಿ ಓಡಾಡಿದವರು ಈ ಹಂತ ಬಿಡಬಾರದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆ ಉಣುಗಿನಿಂದ ಹರಡುತ್ತದೆ. ಕಚ್ಚುವ ಎಳೆಯ ಉಣುಗು ಎಳ್ಳಿಗಿಂತ ಸಣ್ಣದು, ಕಚ್ಚಿದ್ದು ಗೊತ್ತೇ ಆಗುವುದಿಲ್ಲ.

ಹೊರಡುವಾಗ ಆರೋಗ್ಯ ಇಲಾಖೆ ಹಂಚುವ ಡೆಪಾ ತೈಲ ಅಥವಾ ಅಂಗಡಿಯ ಡೀಟ್ ಇರುವ ಮುಲಾಮು ಕೈಕಾಲಿಗೆ ಹಚ್ಚಿರಿ, ಪ್ಯಾಂಟನ್ನು ಸಾಕ್ಸಿನೊಳಗೆ ಸೇರಿಸಿ, ತರಗೆಲೆಯ ಮೇಲೆ ಕೂರಬೇಡಿ. ಮಂಗ ಸತ್ತು ಬಿದ್ದಿರುವುದು ಕಂಡರೆ ಹತ್ತಿರ ಹೋಗದೆ, ಜಾಗ ಗುರುತಿಟ್ಟುಕೊಂಡು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಮನೆಗೆ ಬಂದ ಕೂಡಲೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನ ಮಾಡಿ, ಕಂಕುಳು, ಮೊಣಕಾಲ ಹಿಂದೆ, ಕಿವಿಯ ಹಿಂದೆ ನೋಡಿಕೊಳ್ಳಿ. ಉಣುಗು ಕಚ್ಚಿಕೊಂಡಿದ್ದರೆ ಚಿಮುಟದಿಂದ ಚರ್ಮದ ಹತ್ತಿರ ಹಿಡಿದು ನೇರ ಎಳೆಯಿರಿ. ಬೀಡಿಯಿಂದ ಸುಡುವುದು, ಉಗುರಿನಲ್ಲಿ ಒರೆಯುವುದು ಎರಡೂ ತಪ್ಪು. ಮುಂದಿನ ಒಂದೆರಡು ವಾರದಲ್ಲಿ ಇದ್ದಕ್ಕಿದ್ದಂತೆ ಜ್ವರ, ತಲೆನೋವು, ಮೈಕೈ ನೋವು ಬಂದರೆ ಮಾತ್ರೆ ನುಂಗಿ ಮಲಗದೆ ಸರ್ಕಾರಿ ಆಸ್ಪತ್ರೆಗೆ ಹೋಗಿ, ಯಾವ ಕಡೆ ನಡೆದಿದ್ದಿರಿ ಎಂದು ಹೇಳಿ.

ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು ಬೇಡ. ಕಾಲು ಅಲುಗಿಸದೆ 108ಕ್ಕೆ ಕರೆ ಮಾಡಿ.

ಬೇರೆ ಕಡೆ ಇದೇ ಕ್ರಮ ಬಳಸುವಾಗ

ಸಾಗರದ ಸುತ್ತ: ಇಕ್ಕೇರಿ ಸಾಗರಕ್ಕೆ ದಕ್ಷಿಣ, ಕೆಳದಿ ಉತ್ತರ. ಎರಡನ್ನೂ ಒಂದೇ ದಿನದ ಸುತ್ತಿಗೆ ಸೇರಿಸಲು ಹೋದರೆ ಎರಡೂ ಅರ್ಧವಾಗುತ್ತವೆ. ಎರಡು ದಿನ ಮಾಡಿ.

ಹೊಸನಗರ ತಾಲ್ಲೂಕಿನ ನಗರ, ದೇವಗಂಗೆ ಕಡೆ: ಇಲ್ಲಿ ಹಿನ್ನೀರುಗಳದ್ದೇ ಲೆಕ್ಕ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಅದಕ್ಕೂ ಹಿಂದಿನ ಅಳತೆಯ ನಕ್ಷೆಯಲ್ಲಿ ಕಾಣುವ ಎಷ್ಟೋ ದಾರಿ ಈಗ ನೀರಿನಡಿ ಇದೆ. ನಕ್ಷೆಯ ಮೂಲೆಯಲ್ಲಿರುವ ಸಮೀಕ್ಷೆಯ ವರ್ಷ ನೋಡದೆ ಗೆರೆ ಹಾಕಬೇಡಿ. ಮಳೆಗಾಲದಿಂದ ನವೆಂಬರ್‌ವರೆಗೂ ಉಂಬಳ (ನೆಲದ ಜಿಗಣೆ) ಇರುತ್ತದೆ. ಬಟ್ಟೆಯಲ್ಲಿ ಉಪ್ಪು ಮತ್ತು ಹೊಗೆಸೊಪ್ಪಿನ ಪುಡಿ ಕಟ್ಟಿ ಒದ್ದೆ ಮಾಡಿ ಶೂ ಮೇಲೆ ಒತ್ತಿಕೊಳ್ಳುತ್ತಾ ಹೋಗಿ. ಹತ್ತಿದ್ದನ್ನು ಕಿತ್ತೆಳೆಯದೆ ಉಗುರಿನಿಂದ ಬಾಯಿಯ ಕಡೆಯಿಂದ ಜಾರಿಸಿ. ರಕ್ತ ಸ್ವಲ್ಪ ಹೊತ್ತು ಸೋರುತ್ತದೆ, ಹೆದರಬೇಕಿಲ್ಲ.

ತೀರ್ಥಹಳ್ಳಿ ತಾಲ್ಲೂಕಿನ ಕವಲೇದುರ್ಗ: ಇದನ್ನು ಸುತ್ತಾಗಿ ಮಾಡಲು ಹೋಗಬೇಡಿ. ಹತ್ತಿದ ದಾರಿಯಲ್ಲೇ ಇಳಿಯಬೇಕು. ಕೋಟೆಯ ಹಿಂಬದಿಯಿಂದ ಕಾಡಿಗೆ ಇಳಿದು ಊರು ಸೇರುತ್ತೇವೆ ಎಂದು ಹೊರಡುವುದು ಕತ್ತಲಲ್ಲಿ ಸಿಕ್ಕಿಬೀಳುವ ದಾರಿ. ಹಾಸುಗಲ್ಲುಗಳು ಮಳೆಗಾಲದಲ್ಲಿ ಪಾಚಿ ಕಟ್ಟಿ ಜಾರುತ್ತವೆ, ಇಳಿಯುವಾಗ ಹತ್ತಿದ್ದಕ್ಕಿಂತ ಹೆಚ್ಚು ಹೊತ್ತು ಇಟ್ಟುಕೊಳ್ಳಿ.